ಹೀರೆಬಳ್ಳಿಗೆ ಊರಿದ್ದ ಬೆತ್ತ

ಬೆಳಿಗ್ಗೆ ಬಾವಿಯಿಂದ ನೀರು ಸೇದಿದೆ, ರಾಗಿ ಹಸನು ಮಾಡಿ ಮಿಲ್ಲಿಗೆ ಕಳಿಸಿದೆ, ಇವರ ಎರಡು ಪಂಚೆಗೆ ನೀಲಿ ಹಾಕಿ ಒಣಗಿಸಿದೆ, ಸಂಜೆ ಹಿತ್ತಲಲ್ಲಿ ಕುಸಿದುಬಿದ್ದಿದ್ದ ಹೀರೆಬಳ್ಳಿಯನ್ನು ಬೇಲಿಗೆ ಎತ್ತಿ ಕಟ್ಟಿದೆ. ಬಳ್ಳಿ ಯಾಕೆ ಕುಸಿಯಿತು ಅಂತ ಹೇಳಬೇಕಾದರೆ ರಷ್ಯಾದಿಂದ ಶುರು ಮಾಡಬೇಕು.

ನಮ್ಮ ಮನೆಯವರು ಮಧುವನಹಳ್ಳಿ ಶಾಲೆಯ ಮೇಷ್ಟರು. ರಷ್ಯಾದ ಶಾಲೆಗಳನ್ನು ನೋಡಿ ಬನ್ನಿ ಅಂತ ಸರ್ಕಾರದವರು ಒಂದಷ್ಟು ಮೇಷ್ಟರನ್ನು ಅಲ್ಲಿಗೆ ಕಳಿಸಿದಾಗ ಇವರೂ ಹೋದರು. ಬರುವಾಗ ಏನು ತರುತ್ತಾರೋ ಅಂತ ಕೊಳ್ಳೇಗಾಲದ ನಮ್ಮ ಬೀದಿಯೇ ಕಾದಿತ್ತು, ನಾನೂ ಕಾದಿದ್ದೆ. ಇವರು ತಂದದ್ದು ಒಂದು ಮಾತು. "ಅಲ್ಲಿ ಮಕ್ಕಳಿಗೆ ಹೊಡೆಯೋಲ್ಲ ಕಣೇ. ತಪ್ಪು ಮಾಡಿದರೆ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸಲ ಹೇಳಿಕೊಡ್ತಾರೆ." ಮಾರನೆಯ ದಿನ ಶಾಲೆಯ ಬೆತ್ತವನ್ನು ಮನೆಗೆ ತಂದು ಎಳೆ ಹೀರೆಬಳ್ಳಿಗೆ ಆಸರೆಯಾಗಿ ಊರಿಬಿಟ್ಟರು.

ಇದು ಸಣ್ಣ ಸಂಗತಿಯಲ್ಲ. ಐವತ್ತಾರರಲ್ಲಿ ರಾಜ್ಯಗಳ ಗಡಿ ಬದಲಾಗಿ ನಮ್ಮ ಕೊಳ್ಳೇಗಾಲ ಕೂತಲ್ಲೇ ಮದ್ರಾಸಿನಿಂದ ಮೈಸೂರಿಗೆ ಸೇರಿಕೊಂಡಾಗ ಪುಸ್ತಕ ಬದಲಾಯಿತು, ಇನ್‌ಸ್ಪೆಕ್ಟರು ಬದಲಾದರು, ಬೆತ್ತ ಮಾತ್ರ ಅದೇ ಉಳಿಯಿತು. ದಂಡಂ ದಶಗುಣಂ ಅನ್ನುತ್ತಾರೆ. ಆ ಹತ್ತರಲ್ಲಿ ಒಂದನ್ನಾದರೂ ನನಗೆ ಯಾರೂ ಬಿಡಿಸಿ ಹೇಳಿಲ್ಲ.

ನಿನ್ನೆ ಸಂಜೆ ಕೂಲಿ ಮಾಡುವ ಸಿದ್ದಯ್ಯ ಬಂದ. ಮಗ ಮಾದೇವ ಇವರ ಕ್ಲಾಸಿನಲ್ಲೇ ಓದುತ್ತಾನೆ. ಜಗಲಿ ಹತ್ತು ಅಂದರೂ ಹತ್ತಲಿಲ್ಲ.

"ನನ್ ಮಗ ಏನ್ ತಪ್ ಮಾಡುದ್ನೋ ಸಾ?"

"ಏನೂ ಇಲ್ಲವಲ್ಲ ಸಿದ್ದಯ್ಯ."

"ಮತ್ಯಾಕ್ ಸಾ ಒಂದೇಟೂ ಒಡೀನಿಲ್ಲ? ಬಡವ್ರ್ ಮಗ, ಎಂಗಾರ ಆಳಾಗೋಗ್ಲಿ ಅಂತ ಬುಟ್ಬುಟ್ರಾ?"

ಇವರು ರಷ್ಯಾದ ಶಾಲೆಯನ್ನೆಲ್ಲ ವಿವರಿಸಿದರು. ಅವನು ಕೊನೆಯವರೆಗೂ ಕೇಳಿ, "ರಸ್ಯಾ ಅಂಗಿರ್ಲಿ ಸಾ. ಅವನ್ ಮ್ಯಾಲೆ ನಿಮ್ಗೆ ಆಸೆ ಇಲ್ಲ ಅಂದ್ರೆ ಯೋಳ್ಬುಡಿ. ನಾಳಿಂದ ಎಮ್ಮೆ ಕಾಯಕ್ಕೆ ಓಯ್ತಾನೆ" ಅಂದ.

ತಮಾಷೆಗೆ ಅಂದದ್ದಲ್ಲ. ಎಮ್ಮೆಯ ಹಿಂದೆ ಹೋದ ಹುಡುಗರು ಶಾಲೆಗೆ ಹಿಂದಿರುಗಿದ್ದನ್ನು ಇವರು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಇವತ್ತು ಬೆಳಿಗ್ಗೆ ಇವರು ಹಿತ್ತಲಿಗೆ ಹೋಗಿ ಬೆತ್ತ ಕಿತ್ತುಕೊಂಡರು. ನಾನು ನೀರು ಸೇದುತ್ತಾ ಕಂಡೆ, ಆಸರೆ ಹೋದ ಬಳ್ಳಿ ಅಲ್ಲೇ ಕುಸಿಯಿತು. ಸಿದ್ದಯ್ಯ ಕ್ಲಾಸಿನ ಬಾಗಿಲಲ್ಲೇ ನಿಂತಿದ್ದನಂತೆ. ಲೆಕ್ಕ ತಪ್ಪಿದ್ದಕ್ಕೆ ಮಾದೇವನ ಅಂಗೈಗೆ ಒಂದೇ ಏಟು. ಅಪ್ಪ ಕೈಮುಗಿದು, ಮುಖ ಅರಳಿಸಿಕೊಂಡು ಹೊರಟುಹೋದ. ಇವರು ತಲೆಯೆತ್ತಿ ನೋಡಿದರೆ, ಲೆಕ್ಕ ತಪ್ಪಿದ್ದ ಉಳಿದ ಮಕ್ಕಳೂ ಯಾರೂ ಹೇಳದೆಯೇ ಕೈ ಚಾಚಿಕೊಂಡು ನಿಂತಿದ್ದರಂತೆ.

ಅಷ್ಟು ದೂರ ಹೋಗಿ ಬಂದು ಮೇಷ್ಟರು ಗಳಿಸಿದ್ದೇನು ಅಂತ ಬೀದಿಯವರು ಈಗಲೂ ಕೇಳುತ್ತಾರೆ. ಮುಂಚೆ ಇಡೀ ಕ್ಲಾಸಿಗೆ ಬಾರಿಸಿ ಬಂದು ಎರಡು ಮುದ್ದೆ ಉಣ್ಣುತ್ತಿದ್ದರು. ಈಗ ಒಂದು ಏಟಿಗೆ ಒಂದು ಮುದ್ದೆಯೂ ಇಳಿಯುವುದಿಲ್ಲ. ಗಳಿಕೆ ಅಂದರೆ ಇದೇ.

ರಾತ್ರಿಗೆ ಮುದ್ದೆ, ಬಿದ್ದ ಬಳ್ಳಿಯ ಎಳೆ ಹೀರೆಕಾಯಿಯ ಸಾರು. ನಾನು ಉಂಡೆ. ಇವರ ತಟ್ಟೆಯಲ್ಲಿ ಮುದ್ದೆ ಆರಿ ಸಿಪ್ಪೆಗಟ್ಟಿದೆ. ಇಬ್ಬರೂ ಇನ್ನೂ ಎದ್ದೇ ಇದ್ದೇವೆ. ಮೊದಲು ಮಲಗಿದವನು ಸಿದ್ದಯ್ಯನೇ ಇರಬೇಕು, ಮಗನ ಓದು ದಾರಿಗೆ ಬಂತು ಅನ್ನುವ ನೆಮ್ಮದಿಯಲ್ಲಿ.