ಬೆಳ್ಳಿ ಕರಡಿಗೆ ಹೊರಗೆ, ಲಿಂಗ ಒಳಗೆ

ಎಲ್ಲರಿಗೂ ಶರಣು. ಇಂದು ಸೋಮವಾರದ ಉಪವಾಸ. ಕೊಟ್ಟಿಗೆ ಬಳಿದು, ಹಾಲು ಕರೆದು, ಪೂಜೆ ಮುಗಿಸಿ ಗುಬ್ಬಿಯಿಂದ ತುಮಕೂರಿನ ಆಸ್ಪತ್ರೆಗೆ ಬಂದೆ. ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್.

ನರ್ಸಮ್ಮ ಯಜಮಾನರ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ನೋಡಿ, "ಮೈಮೇಲೆ ಏನೂ ಇರಂಗಿಲ್ಲ, ತೆಗೀರಿ" ಎಂದಳು.

"ಸತ್ರೂ ಲಿಂಗ ಮೈ ಬಿಡಂಗಿಲ್ಲ ಕಣಮ್ಮ. ಲೇ, ನಡಿಯೇ ಊರಿಗೆ ಹೋಗಾನ" ಎಂದು ಯಜಮಾನರು ಮಂಚ ಇಳಿದೇಬಿಟ್ಟರು.

ನಾನು ಡಾಕ್ಟರನ್ನೇ ಕೇಳಿದೆ. "ಯಾಕ್ ಸಾರ್ ಇರಬಾರ್ದು?"

"ಕರೆಂಟ್ ಹಾಯ್ಸಿ ಕುಯ್ಯೋದಮ್ಮ. ಮೈಗೆ ಲೋಹ ತಾಗಿದ್ರೆ ಸುಡಬಹುದು."

"ಹಂಗಾದ್ರೆ ತೊಂದ್ರೆ ಬೆಳ್ಳೀದು. ಒಳಗಿನ ಲಿಂಗ ಕಲ್ಲಲ್ವಾ?"

ಡಾಕ್ಟರ್ ನಕ್ಕು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಒಪ್ಪಿದರು. ಖಾಲಿ ಕರಡಿಗೆ ನನ್ನ ಸೆರಗಿಗೆ ಬಂತು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಯಜಮಾನರು ಕತ್ತೆತ್ತಿ, "ನಂಗೆ ಎಚ್ಚರ ಇಲ್ದಾಗ ಪೂಜೆ ಹೊತ್ತು ಮೀರಿದ್ರೆ ಏನ್ಮಾಡದೇ?" ಎಂದರು. ಬಾಗಿಲು ಮುಚ್ಚಿತು.

ಈಗ ನನಗೂ ಅದೇ ಯೋಚನೆ. ಎಚ್ಚರವಾದೊಡನೆ ಇವರು ಕ್ಯಾನ್ಸರ್ ಹೋಯಿತಾ ಎನ್ನುವುದಿಲ್ಲ, ಇದನ್ನೇ ಕೇಳುತ್ತಾರೆ. ನಮಗೆ ಲಿಂಗದೀಕ್ಷೆ ಕೊಟ್ಟ ಹೆಬ್ಬೂರಿನ ಅಯ್ಯನವರ ಬಳಿ ಫೋನಿಲ್ಲ. ಈ ಗುಂಪಿನಲ್ಲಿರುವ ಹೆಬ್ಬೂರಿನವರು ಯಾರಾದರೂ ಅವರನ್ನು ಕೇಳಿ, ಇವರಿಗೆ ಎಚ್ಚರವಾಗುವಷ್ಟರೊಳಗೆ ನನಗೊಂದು ಉತ್ತರ ತಂದುಕೊಡಿ.