ಇದು ನಿನ್ನ ಕೈಯಲ್ಲ

ಬ್ಯಾಂಕಿನಲ್ಲಿ ಬೆನ್ನ ಹಿಂದೆ ಎಲ್ಲರಿಗೂ ಆತ ‘ಭೂತಗನ್ನಡಿ’. ಚೆಕ್ಕಿನ ಮೇಲಿನ ಸಹಿ ಅಸಲಿಯೋ ನಕಲಿಯೋ ಎಂದು ಹೇಳುವುದೇ ಆತನ ಕೆಲಸ. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿ ಮಾಡಿ, ಹಾಲಿನವನು ನಕ್ಕರೂ ಯಾಕೆ ನಕ್ಕ ಎಂದು ತಲೆ ಕೆಡಿಸಿಕೊಳ್ಳುವ ಮಟ್ಟಕ್ಕೆ ಬಂದಿದ್ದ. ಆತನ ಲೆಕ್ಕ ಸರಳ: ಸ್ವಂತ ಕೈಯ ಗೆರೆ ಓಡುತ್ತದೆ, ತುದಿಯಲ್ಲಿ ಸಣ್ಣಗಾಗುತ್ತದೆ. ಕದ್ದ ಗೆರೆ ತೆವಳುತ್ತದೆ, ನಿಂತಲ್ಲೆಲ್ಲ ಶಾಯಿ ಮಡುಗಟ್ಟುತ್ತದೆ, ತುದಿ ಮೊಂಡಾಗುತ್ತದೆ.

ಹೆಂಡತಿ ಚಿತ್ರದ ತರಗತಿಗೆ ಸೇರಿ ವರ್ಷವಾಗಿತ್ತು. ಮರವಲ್ಲ, ಮನುಷ್ಯನಲ್ಲ, ಬಿಳಿ ಹಾಳೆಯ ಮೇಲೆ ಬರೀ ಕಪ್ಪು ಗೆರೆಗಳು. ಮೂರು ಹಾಳೆ ಪ್ರದರ್ಶನಕ್ಕೆ ಆಯ್ಕೆಯಾದಾಗ, ಕಟ್ಟು ಹಾಕಿಸುವ ಮುನ್ನ ಗಂಡನ ಮುಂದೆ ಹರಡಿದಳು. ಆತನಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ಆಕೆ ಹಿಂದೆಂದೂ ಇಷ್ಟು ಆಸೆಪಟ್ಟಿರಲಿಲ್ಲ.

ಆತ ಭೂತಗನ್ನಡಿ ಹಿಡಿದು ಬಗ್ಗಿದ. ಗೆರೆ ಮೂಲೆಯಿಂದೆದ್ದು, ಒಂದೇ ಉಸಿರಿಗೆ ಸುತ್ತು ಹಾಕಿ, ಕೊನೆಗೆ ಕುಂಚದ ಒಣ ಎಳೆಗಳನ್ನಷ್ಟೇ ಉಳಿಸಿ ಹಾರಿಹೋಗಿತ್ತು. ಎಲ್ಲೂ ತಡವರಿಕೆಯಿಲ್ಲ. ಮೈ ಜುಮ್ಮೆಂದಿತು, ಅದರ ಬೆನ್ನಿಗೇ ಅನುಮಾನವೂ ಹೆಡೆಯೆತ್ತಿತು. ಹೆಂಡತಿಯ ಸಹಿ ತನಗೆ ಗೊತ್ತಿಲ್ಲವೇ? ಮನೆಯ ಕಾಗದಪತ್ರಕ್ಕೆಲ್ಲ ತಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಆಕೆ ಹಾಕುತ್ತಿದ್ದದ್ದು ತೆವಳುವ ಸಹಿ, ಮೊಂಡು ತುದಿ.

“ಇದು ನಿನ್ನ ಕೈಯಲ್ಲ,” ಎಂದ. “ಮೇಷ್ಟ್ರು ಬರ್ಕೊಟ್ಟಿದ್ದಾರೆ.”

ಆಕೆಯ ಮುಖ ಸಪ್ಪಗಾಯಿತು. ಹಾಗಾದರೆ ತನ್ನೆದುರಿಗೇ ಬರೆದು ತೋರಿಸಲಿ ಎಂದು ಆತ ಪಟ್ಟು ಹಿಡಿದಾಗ, ಹಾಳೆ ಹಾಸಿ ಕುಂಚ ಅದ್ದಿದಳು. ಆತ ಆಕೆಯ ಬೆನ್ನ ಹಿಂದೆ ಕೈಕಟ್ಟಿ ನಿಂತ. ಗೆರೆ ಹೊರಟಿತು, ನಡುಗಿತು, ನಡುವೆ ನಿಂತು ಮಡುಗಟ್ಟಿತು, ಮೊಂಡಾಗಿ ಮುಗಿಯಿತು. ಕಳ್ಳ ಸಿಕ್ಕಿಬಿದ್ದ ಖುಷಿಯನ್ನು ಈ ಮಹಾನುಭಾವ ಮುಚ್ಚಿಡಲೂ ಇಲ್ಲ.

“ನೀವು ಹಿಂದೆ ನಿಂತ್ರೆ ನನ್ನ ಕೈ ಹೀಗೇ ಬರೋದು,” ಎಂದಳು ತಲೆಯೆತ್ತದೆ. “ಯಾವಾಗ್ಲೂ ಹೀಗೇ ಬಂದಿದೆ. ಸ್ವಲ್ಪ ಆಚೆ ಹೋಗ್ತೀರಾ?”

ಹೋದ. ಹೋದರೇನು, ಅನುಮಾನ ಬಿಡಬೇಕಲ್ಲ. ಬಾಗಿಲ ಸಂದಿಗೆ ಕಣ್ಣು ಹಚ್ಚಿದ. ಆಕೆ ಒಮ್ಮೆ ಉಸಿರೆಳೆದುಕೊಂಡು, ಹೊಸ ಹಾಳೆಯ ಮೇಲೆ ಕುಂಚವಿಟ್ಟಳು. ಭುಜದಿಂದ ಬೆರಳ ತನಕ ತೋಳು ಒಂದೇ ಬೀಸಿಗೆ ಹೋಯಿತು, ಗೆರೆ ಹಾರಿತು. ಮೂವತ್ತು ವರ್ಷ ಜೊತೆಗೆ ಬಾಳಿದವಳ ಕೈ ಹೀಗೆ ಓಡುವುದನ್ನು ಆತ ನೋಡಿದ್ದು ಅದೇ ಮೊದಲು. ಅದನ್ನೂ ಕದ್ದು ನೋಡಬೇಕಾಯಿತು.