ಉಡಿದಾರದ ಮೇಲಿನ ಅಳತೆ

ನಮ್ಮ ಕಡೆಯ ಗಂಡಸರನ್ನು ‘ಸೊಂಟ ಎಲ್ಲಿದೆ’ ಎಂದು ಕೇಳಿ ನೋಡಿ. ಯಾರೂ ಹೊಕ್ಕುಳು ತೋರಿಸುವುದಿಲ್ಲ. ಪಂಚೆಯ ಗಂಟಿನೊಳಗೆ ಹೆಬ್ಬೆರಳು ತೂರಿಸಿ ಉಡಿದಾರ ಎಳೆದು ತೋರಿಸುತ್ತಾರೆ. ಕೂಸಾಗಿದ್ದಾಗ ಕಟ್ಟಿಸಿಕೊಂಡ ಆ ದಾರ, ಕರಿಯದೋ ಕೆಂಪೋ, ಅನುಕೂಲಸ್ಥರಾದರೆ ಬೆಳ್ಳಿಯದೋ, ಎಲ್ಲಿ ಕೂತಿದೆಯೋ ಅದೇ ಸೊಂಟ. ಅದಕ್ಕಿಂತ ಮೇಲಿರುವುದು ಹೊಟ್ಟೆ. ಹೊಟ್ಟೆಯ ವಿಚಾರಕ್ಕೆ ಪರರು ಬಾಯಿ ಹಾಕಬಾರದು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಇಪ್ಪತ್ತು ವರ್ಷ ನರ್ಸಾಗಿ ಮನೆ ಮನೆ ಸುತ್ತಿದವಳು ನಾನು. ಗೊತ್ತಿದ್ದೂ ತಪ್ಪು ಮಾಡಿದೆ, ನನ್ನ ಸಂಕಟ ಅದೇ.

ಕೆಲವು ವರ್ಷಗಳ ಹಿಂದೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಕಡೆ ಬೊಜ್ಜು ಹೆಚ್ಚು, ಯಾವ ಕಡೆ ಕಡಿಮೆ ಎಂದು ಹೋಲಿಸಿ ನೋಡುವ ಕೆಲಸಕ್ಕೆ ನಮ್ಮ ಐದು ಜನರನ್ನು ಹಾಕಿದರು. ಪಟ್ಟಣದಲ್ಲಿ ಒಂದಷ್ಟು ಬೀದಿ, ಸುತ್ತಲಿನ ಹಳ್ಳಿಗಳಲ್ಲಿ ಒಂದಷ್ಟು ಮನೆ. ಎತ್ತರ, ತೂಕ, ಸೊಂಟದ ಸುತ್ತಳತೆ ಬರೆದುಕೊಳ್ಳಬೇಕು. ಸೊಂಟ ಟೇಪಿನ ಮೇಲೆ ಗುರುತು ಮಾಡಿದ್ದ ಗೆರೆ ದಾಟಿದರೆ ಅವರ ಕೈಗೊಂದು ಗುಲಾಬಿ ಚೀಟಿ. ಚೀಟಿ ಹಿಡಿದು ಆಸ್ಪತ್ರೆಗೆ ಹೋದರೆ ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಮಾಡುತ್ತಿದ್ದರು. ದಾಟದವರಿಗೆ ‘ಸರಿ ಇದೆ’ ಎಂದು ಹೇಳಿ ನಾವು ಮುಂದಿನ ಮನೆಗೆ ನಡೆಯುತ್ತಿದ್ದೆವು.

ಮೊದಲು ನನ್ನ ಜಗಳೂರು. ಅಲ್ಲಿನ ಹೆಂಗಸರು ತೂಕದ ಯಂತ್ರ ಹತ್ತಿ, ಮುಳ್ಳು ಸ್ವಲ್ಪ ದೂರ ಹೋಗಿ ನಿಂತುಬಿಟ್ಟರೆ ಮುಖ ಸಣ್ಣ ಮಾಡುತ್ತಿದ್ದರು. “ಇನ್ನೊಂದ್ಸಲ ನೋಡ್ರಿ ಸಿಸ್ಟರ್, ಮಿಷನ್ ಕೆಟ್ಟೈತೇನೋ” ಎಂದು ಒಬ್ಬಾಕೆ ಕೈಯಲ್ಲಿದ್ದ ಕೊಡವನ್ನೂ ಹಿಡಿದುಕೊಂಡೇ ಹತ್ತಿದಳು. ಬೈದು ಇಳಿಸಿದೆ. ಗಂಡಸರ ಉಡಿದಾರ ಹೊಕ್ಕುಳಿನ ಮಟ್ಟಕ್ಕೇ ಕೂತಿತ್ತು, ಹೊಟ್ಟೆಯೇ ಇಲ್ಲದ ಮೇಲೆ ಅದು ಕೆಳಗೆ ಜಾರುವುದಾದರೂ ಯಾಕೆ? ಅಲ್ಲಿ ಟೇಪು ಎಲ್ಲಿಟ್ಟರೂ ಲೆಕ್ಕ ಒಂದೇ ಬರುತ್ತಿತ್ತು.

ಹೊನ್ನಾಳಿಯ ಸಾಸ್ವೆಹಳ್ಳಿಯಲ್ಲಿ ಒಂದೇ ಗದ್ದೆಯವರನ್ನು ಒಂದೇ ದಿನ ಅಳೆದೆವು. ಗದ್ದೆಯ ಒಡತಿಗೆ ಗುಲಾಬಿ ಚೀಟಿ ಬಂತು, ಅದೇ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವಳಿಗೆ ಬರಲಿಲ್ಲ. ಇಬ್ಬರೂ ಮೂರು ಹೊತ್ತು ಅದೇ ನೆಲದ ಅನ್ನವನ್ನೇ ಉಣ್ಣುವವರು. ಇವರಿಬ್ಬರನ್ನೂ ಸೇರಿಸಿ ಹೊನ್ನಾಳಿಯ ಬೊಜ್ಜು ಇಷ್ಟು ಎಂದು ಒಂದೇ ಸಂಖ್ಯೆ ಬರೆದರೆ ಅದು ಯಾರದು ಎಂದು ನನಗೆ ಅವತ್ತೇ ಅನುಮಾನ ಬಂದಿತ್ತು. ನ್ಯಾಮತಿಯ ಗೋವಿನಕೋವಿಯಲ್ಲಂತೂ ಒಬ್ಬ ಯಜಮಾನರು ನಮ್ಮನ್ನೇ ವಿಚಾರಣೆಗೆ ನಿಲ್ಲಿಸಿದರು. “ನಮ್ದು ಹೊಸ ತಾಲ್ಲೂಕು ಕಣ್ರಿ. ಮೊನ್ನೆ ಮೊನ್ನೆವರೆಗೂ ಹೊನ್ನಾಳಿಗೆ ಸೇರಿದ್ವಿ. ಈ ಹೊಟ್ಟೆ ಬಂದಿದ್ದು ಆವಾಗ. ಇದನ್ನ ಅವರ ಲೆಕ್ಕಕ್ಕೆ ಬರ್ಕೊಳ್ರಿ” ಎಂದರು. ನಾವು ನಕ್ಕು ನಕ್ಕು ಸುಸ್ತಾದೆವು.

ಕೊನೆಗೆ ಚನ್ನಗಿರಿ. ಅಡಿಕೆಯ ಸೀಮೆ, ಟೇಪು ಹಿಡಿಯುವ ಪಾಳಿ ನನ್ನದು. ಅಲ್ಲಿ ಬೆಳ್ಳಿಯ ಉಡಿದಾರಗಳೇ ಹೆಚ್ಚು, ಅವು ಕೂತಿದ್ದು ಹೊಟ್ಟೆಯ ಕೆಳಗೆ, ಕಾಣದ ಜಾಗದಲ್ಲಿ. ಮೊದಲ ದಿನವೇ ಒಬ್ಬ ಹಿರಿಯರಿಗೆ ಬನಿಯನ್ ಎತ್ತಲು ಹೇಳಿದೆ. “ನಿನ್ನ ಹಾಳ್ಯಾಗೆ ಸೊಂಟ ಅಂತ ಬರದೈತಲ್ಲಮ್ಮ, ಹೊಟ್ಟೆ ಯಾಕೆ ಅಳೀತೀಯ?” ಎಂದು ಎದ್ದೇ ಹೋದರು. ಮುಂದಿನ ಮನೆಯಲ್ಲೂ ಅದೇ ತಕರಾರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಜಗಳ ಕಾಯುವುದಕ್ಕೆ ಹೇಸುವವಳಲ್ಲ. ಆದರೆ ಅಷ್ಟು ಹೊತ್ತಿಗೆ ದಣಿದಿದ್ದೆ. ಗಂಡಸರ ಅಂಗಿ ಎತ್ತಿಸುವ ನಾಚಿಕೆಯೂ ಇತ್ತು. ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಇಡಬೇಕೆಂದು ಕಲಿಸಿಕೊಟ್ಟಿದ್ದರು, ಚೆನ್ನಾಗಿ ನೆನಪಿತ್ತು. ಆದರೂ ‘ಸರಿ, ಉಡಿದಾರ ಎಲ್ಲೈತೆ ತೋರಿಸ್ರಿ’ ಎಂದು ಕೇಳಿ ಅದರ ಮೇಲೆಯೇ ಟೇಪು ಸುತ್ತತೊಡಗಿದೆ. ಎಲ್ಲರೂ ಖುಷಿಯಿಂದ ನಿಂತರು. ಕೆಲಸ ಬೇಗ ಬೇಗ ಸಾಗಿತು.

ತ್ಯಾವಣಿಗೆಯಲ್ಲಿ ನನ್ನ ಅಣ್ಣನಿದ್ದಾನೆ. ಅಲ್ಲಿಗೆ ಮನೆಅಳಿಯನಾಗಿ ಹೋದವನು. ಮದುವೆಗೆ ಮುಂಚೆ ನಮ್ಮ ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ, ಎಲುಬಿನ ಹಂದರ. ಅಲ್ಲಿ ಮಾವನ ಅಡಿಕೆ ವ್ಯಾಪಾರ ನೋಡಿಕೊಳ್ಳತೊಡಗಿದ ಮೇಲೆ ಕುರ್ಚಿ ಮತ್ತು ಬೈಕು ಬಿಟ್ಟು ಕೆಳಗಿಳಿದದ್ದು ಕಡಿಮೆ. ಅವನು ತುಂಬಿಕೊಂಡಷ್ಟೂ ಅವ್ವನಿಗೆ ಹಿಗ್ಗು. “ನನ್ನ ಮಗಗೆ ಆ ಮನಿ ಅನ್ನ ಮೈಗೆ ಹತ್ತೈತೆ” ಎಂದು ಊರಿಗೆಲ್ಲ ಹೇಳುತ್ತಿದ್ದಳು.

ಅವನ ಮನೆಗೂ ನಾನೇ ಅಳೆಯಲು ಹೋದೆ. ಟೇಪು ಸುತ್ತುತ್ತಿದ್ದಾಗ ಅಣ್ಣ ಮೆಲ್ಲಗೆ, “ಯಾಕೋ ಕಾಲ್ಬೆರಳು ಜುಂ ಅಂತಾವೆ ಕಣೆ. ಬಾಯೂ ಒಣಗ್ತೈತೆ. ಏನಾದ್ರೂ ಐತೇನೋ ನೋಡು” ಎಂದ. ಇದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಗೆರೆಯನ್ನೂ ನೋಡದೆ ಚೀಟಿ ಬರೆದುಕೊಡುತ್ತಿದ್ದೆ. ಅಣ್ಣ ಹೇಳಿದ್ದಕ್ಕೆ, “ಹೊಸ ಚಪ್ಪಲಿ ಕಚ್ಚಿರಬೇಕು. ಬಿಸಿಲಿಗೆ ಬಾಯಿ ಒಣಗದೆ ಇನ್ನೇನು?” ಎಂದು ನಕ್ಕೆ. ಟೇಪು ಉಡಿದಾರದ ಮೇಲಿತ್ತು, ಗೆರೆಗೆ ಎರಡು ಬೆರಳು ಕಡಿಮೆ. “ಸರಿ ಐತೆ ಬಿಡಣ್ಣ” ಎಂದೆ. ಅವನ ಮುಖ ಅರಳಿತು. ಪಡಸಾಲೆಯಲ್ಲಿ ಕೂತಿದ್ದ ಮಾವನಿಗೆ, “ಕೇಳಿದ್ರಾ, ನಮ್ಮ ತಂಗಿನೇ ಅಳದು ಹೇಳಿದ್ಲು” ಎಂದು ಕೂಗಿ ಹೇಳಿದ. ಹೋಳಿಗೆ ಉಂಡೇ ಹೊರಟೆ.

ಐದಾರು ತಿಂಗಳ ಮೇಲೆ ನಾಲ್ಕು ತಾಲ್ಲೂಕಿನ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟರು. ಹೊನ್ನಾಳಿಗಿಂತ, ನ್ಯಾಮತಿಗಿಂತ ಚನ್ನಗಿರಿಯ ಗಂಡಸರೇ ತೆಳ್ಳಗೆ! ನಮ್ಮ ಮೇಲಿದ್ದ ಡಾಕ್ಟರಮ್ಮ ನಗಲಿಲ್ಲ. ತೂಕದ ಸಾಲಿನ ಮೇಲೆ ಒಂದು ಬೆರಳಿಟ್ಟು, ಸೊಂಟದ ಸಾಲಿನ ಮೇಲೆ ಇನ್ನೊಂದು ಬೆರಳಿಟ್ಟು, “ಇಷ್ಟು ತೂಕದೋರಿಗೆ ಇಷ್ಟೇ ಸೊಂಟ ಹೆಂಗ್ರಿ? ಟೇಪ್ ಎಲ್ಲಿಟ್ರಿ?” ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ, ಚನ್ನಗಿರಿ ಪೂರ್ತಿ ಮತ್ತೆ ಅಳೆಯಬೇಕು ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ಹಾಳೆಯಲ್ಲಿ ‘ಸರಿ ಇದೆ’ ಎಂದು ನಾನು ಬರೆದ ಒಬ್ಬೊಬ್ಬರೂ ಚೀಟಿ ಸಿಗದೆ ಮನೆಯಲ್ಲಿ ನೆಮ್ಮದಿಯಾಗಿ ಕೂತವರು.

ಅವರಲ್ಲಿ ಅಣ್ಣನೂ ಒಬ್ಬ ಎಂಬುದು ಬಸ್ಸಿನಲ್ಲಿ ಕೂತಾಗ ನೆನಪಾಯಿತು. ತಕ್ಷಣ ಫೋನ್ ಮಾಡಬೇಕಿತ್ತು. ತಪ್ಪಾಯಿತು ಎಂದು ಹೇಗೆ ಹೇಳುವುದೆಂದು ತಿಳಿಯದೆ, ಭಾನುವಾರ ಹೇಗೂ ಹೋಗುತ್ತೇನಲ್ಲ ಎಂದು ಸುಮ್ಮನಾದೆ. ಗುರುವಾರ ಅತ್ತಿಗೆಯ ಫೋನ್ ಬಂತು. ಅಣ್ಣನ ಕಾಲಿನ ಹೆಬ್ಬೆರಳಿಗೆ ಮುಳ್ಳು ತಾಗಿ ತಿಂಗಳಾಗಿತ್ತಂತೆ, ನೋವೇ ಇಲ್ಲವೆಂದು ಅರಿಶಿನ ಹಚ್ಚಿ ಬಿಟ್ಟಿದ್ದನಂತೆ. ‘ತಂಗಿ ಸರಿ ಐತೆ ಅಂದಾಳೆ’ ಎಂದು ಡಾಕ್ಟರ ಹತ್ತಿರ ಹೋಗಲು ಒಪ್ಪಿರಲಿಲ್ಲ. ಈಗ ಬೆರಳು ಕಪ್ಪಾಗಿತ್ತು. ಸಕ್ಕರೆ ಎಷ್ಟೋ ದಿನದಿಂದ ಏರಿ ಕೂತಿತ್ತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಬೆರಳು ತೆಗೆದಿದ್ದರು.

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರೆ. ಅಲ್ಲಿ ಗಾದೆ ನೆನೆಯುವುದಕ್ಕೂ ನನಗೆ ಮುಖವಿರಲಿಲ್ಲ. ಮಂಚದ ಸುತ್ತ ಅವನ ಹೆಂಡತಿ, ಮಾವ, ನಾಲ್ಕಾರು ನೆಂಟರು ನಿಂತಿದ್ದರು. ಮಾವ ನನ್ನತ್ತ ತಿರುಗಿ, ಸಿಟ್ಟಿಲ್ಲದೆಯೇ ಕೇಳಿದರು: “ಅಲ್ಲಮ್ಮ, ಆವತ್ತು ನೀನೇ ಅಳದು ಸರಿ ಐತೆ ಅಂದಿದ್ಯಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ದಿಂಬಿನಿಂದ ತಲೆ ಎತ್ತಿದ. “ಅವಳದೇನೂ ತಪ್ಪಿಲ್ರಿ ಮಾವ. ಅವಳು ಅಳೆಯೋವಾಗ ನಾನೇ ಉಸಿರು ಬಿಗಿ ಹಿಡ್ದು ಹೊಟ್ಟೆ ಒಳಗೆ ಎಳ್ಕೊಂಡಿದ್ದೆ. ದಪ್ಪ ಅಂದುಬಿಟ್ರೆ ಅಂತ ನಾಚ್ಕೆ. ಟೇಪಿಗೆ ಮೋಸ ಮಾಡಿದ್ದು ನಾನು.”

ಉಸಿರು ಎಷ್ಟು ಬಿಗಿ ಹಿಡಿದರೂ ಉಡಿದಾರದ ಜಾಗ ಅಷ್ಟೊಂದು ಕುಗ್ಗುವುದಿಲ್ಲ. ಟೇಪು ಎಲ್ಲಿತ್ತೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಲ್ಲ ಎನ್ನಬೇಕಿತ್ತು. ಮಾವ “ಏನ್ ಹುಡುಗಾಟನಪ್ಪ ನಿಂದು” ಎಂದು ಅಳಿಯನನ್ನೇ ಗದರಿದರು. ನಾನು ಚಾದರ ಸರಿಮಾಡುತ್ತಾ ನಿಂತೆ.

ಎರಡು ತಿಂಗಳ ಮೇಲೆ ಮರು ಅಳತೆಗೆಂದು ತ್ಯಾವಣಿಗೆಗೆ ಹೋದಾಗ ಮೊದಲು ಅವನ ಮನೆಗೇ ಹೋದೆ. ಕಾಯಿಲೆಗೆ ಅರ್ಧ ಇಳಿದುಹೋಗಿದ್ದ. ಕೋಲೂರಿಕೊಂಡು ಎದ್ದು ನಿಂತು, ನಾನು ಕೇಳುವ ಮುಂಚೆಯೇ ಅಂಗಿ ಎತ್ತಿದ. ಪಡಸಾಲೆಯಿಂದ ಮಾವ, “ಈ ಸಲ ಉಸಿರು ಹಿಡೀಬ್ಯಾಡ್ರಿ ಅಳಿಯಂದ್ರೆ” ಎಂದು ಚುಡಾಯಿಸಿದರು. ಅಣ್ಣ ನನ್ನ ಮುಖ ನೋಡಿದ, ಮನೆಯವರಿಗೆಲ್ಲ ಕೇಳುವ ಹಾಗೆ ಜೋರಾಗಿ ಉಸಿರು ಬಿಟ್ಟ. ನಾನು ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿದೆ, ಅಂಕಿ ಓದಿ ಬರೆದುಕೊಂಡೆ. ಅವನು ಹೇಳಿದ್ದು ಸುಳ್ಳು ಎಂದು ಆವತ್ತೂ ನಾನು ಹೇಳಲಿಲ್ಲ.